ದೂರದ ಅಜ್ಜನ ಉತ್ತರ

ಪರದೆಯ ಮೇಲಿನ ಪುಟ್ಟ ಒತ್ತುಗುಂಡಿಗೆ ದೂರದೂರಿನ ಹಳೇ ಕಂಪ್ಯೂಟರ್ ಅಜ್ಜನೆಂದರೆ ಬಲು ಅಕ್ಕರೆ. ಹೇಳಿದ ಕೆಲಸ ಮುಗಿದಾಗಲೆಲ್ಲ ಅಜ್ಜನಿಂದ "ಆಯ್ತು ಮಗೂ" ಎಂಬ ಉತ್ತರ ಬರುತ್ತಿತ್ತು. ಆದರೆ ಮಾತೆಲ್ಲ ನಡುವೆ ಕೂತ ದುಭಾಷಿ ಪ್ರೋಗ್ರಾಮಿನ ಮೂಲಕವೇ ಹೋಗಿಬರಬೇಕು. "ಅಜ್ಜ ಮೊಮ್ಮಗನ ನಡುವೆ ಇವಳ್ಯಾಕೆ?" ಎಂದು ಸಿಡುಕಿದ ಗುಂಡಿ, ಒಂದು ದಿನ ಅವಳ ಕಣ್ತಪ್ಪಿಸಿ ನೇರವಾಗಿ ಅಜ್ಜನನ್ನು ಕೂಗಿತು. ಅತ್ತಲಿಂದ ಗುರುತಿಲ್ಲದ ದನಿಯೊಂದು ತಿಳಿಯದ ಭಾಷೆಯಲ್ಲಿ ಗದರಿತು.

ಗುಂಡಿ ಬೆದರಿ ಓಡಿಬಂತು. "ಅಕ್ಕಾ, ಅಲ್ಲಿ ಯಾರೋ ಬೇರೆಯವರಿದ್ದಾರೆ."

"ಅಜ್ಜ ಕೆಲಸ ಬಿಟ್ಟು ವರ್ಷವಾಯಿತು ಕಣೋ. ಅವರ ಜಾಗಕ್ಕೆ ಹೊಸ ಕಂಪ್ಯೂಟರ್ ಬಂದಿದೆ. ನಿನಗೆ ತೊಂದರೆಯಾಗದಿರಲೆಂದು ಅದರ ಭಾಷೆ ಕಲಿತುಕೊಂಡೆ."

"ಮತ್ತೆ ನಿನ್ನೆಯೂ 'ಆಯ್ತು ಮಗೂ' ಅಂತ ಬಂತಲ್ಲ?"

"ಅದು 'ಆಯ್ತು' ಅಂತಷ್ಟೇ ಹೇಳುತ್ತೆ," ಎಂದಳು ದುಭಾಷಿ. "ಮಗೂ ಅನ್ನೋದು ನನ್ನದು."