ಯಂಕೋಬಣ್ಣ ಒಣಗಿಸದೆ ಬಿಟ್ಟ ಹನಿ

ಬಹಳ ಹಿಂದೆ, ಗದ್ದೆಸೀಮೆಯ ಒಂದೂರಲ್ಲಿ ಒಂದು ದೊಡ್ಡ ಆಸ್ಪತ್ರೆ ಇತ್ತಂತೆ. ಅಲ್ಲಿ ಕಫ ಪರೀಕ್ಷೆ ಮಾಡುತ್ತಿದ್ದವನು ಯಂಕೋಬಣ್ಣ. ಸೂಕ್ಷ್ಮದರ್ಶಕದ ಮುಂದೆ ಕೂತನೆಂದರೆ ಪಕ್ಕದಲ್ಲಿ ಗೋಡೆ ಬಿದ್ದರೂ ಏಳುತ್ತಿರಲಿಲ್ಲ ಅಂತಾರೆ.

ಆ ಕಾಲಕ್ಕೆ ಭತ್ತದ ನಾಟಿಗೆ ಹೋಗುತ್ತಿದ್ದ ತಿಪ್ಪವ್ವನಿಗೆ ರಕ್ತದ ಕ್ಯಾನ್ಸರ್ ಆಗಿ, ತಮ್ಮನಿಂದ ಸ್ಟೆಮ್ ಸೆಲ್ ತೆಗೆದು ಕಸಿ ಮಾಡಿದ್ದರು. ಕಸಿ ಹತ್ತಿತು. ತಿಂಗಳು ಕಳೆಯುವಷ್ಟರಲ್ಲಿ ಕೆಮ್ಮು ಹಿಡಿಯಿತು, ಉಸಿರು ಕಟ್ಟತೊಡಗಿತು. ತಮ್ಮನ ಕೋಶಗಳೇ ಅಕ್ಕನ ಶ್ವಾಸಕೋಶದ ಮೇಲೆ ತಿರುಗಿಬಿದ್ದಿವೆ ಅಂದರು ದೊಡ್ಡ ಡಾಕ್ಟರು. ಅವನ್ನು ಅಡಗಿಸಲು ಸ್ಟೀರಾಯ್ಡ್ ಏರಿಸಿದರು. ಏರಿಸಿದಷ್ಟೂ ಉಸಿರು ಕುಂದಿತು. ಒಂದು ದಿನ, ಸಂಜೆಗೆ ಇನ್ನೂ ಏರಿಸುವುದೆಂದು ನಿಶ್ಚಯವಾಯಿತು.

ಯಂಕೋಬಣ್ಣ ಎರಡು ಸಲ ಅವಳ ಕಫ ನೋಡಿದ್ದ. ಚೀಟಿಯಲ್ಲಿ ಕ್ಷಯಕ್ಕೆ ನೋಡಿ ಅಂತಿತ್ತು. ಗಾಜಿಗೆ ಸವರಿ, ಒಣಗಿಸಿ, ಬಣ್ಣ ಹಾಕಿ, ಏನೂ ಇಲ್ಲ ಅಂತ ಬರೆದಿದ್ದ. ಅದೇ ದಿನ ಮೂರನೆಯ ಡಬ್ಬಿ ತರಲು ವಾರ್ಡಿಗೆ ಹೋದರೆ ತಿಪ್ಪವ್ವನ ತಮ್ಮ ನಿಂಗಣ್ಣ ಬಾಗಿಲಲ್ಲೇ ಕೂತಿದ್ದ.

"ಅಕ್ಕಗ ಹೊಟ್ಟಿ ಮ್ಯಾಲ ಹುಳ ಹರದಂಗ ಗೀರು ಎದ್ದಾವ್ರಿ, ಒಂದ ಸವನ ತುರಸ್ತಾಳ. ಗದ್ದ್ಯಾಗ ಬರಿಗಾಲಾಗ ದುಡೀತಿದ್ದಾಗಿಂದ ಆಗಾಗ ಹಿಂಗ ಏಳ್ತಾವ. ನಮ್ಮನ್ನ ಯಾರೂ ಕೇಳಲಿಲ್ಲ."

ಅದು ಚರ್ಮದಡಿ ಹುಳ ಹರಿದ ಗುರುತೆಂದು ಯಂಕೋಬಣ್ಣನಿಗೆ ಗೊತ್ತಿತ್ತು. ಒಣಗಿಸಿದರೆ ಹುಳ ಸತ್ತು ಕಾಣದಾಗುತ್ತದೆ, ಮೊದಲು ಒಂದು ಹಸಿ ಹನಿ ನೋಡಿ ಅಂತ ಹತ್ತಾರು ಮಂದಿಗೆ ಕಲಿಸಿದವನು ಅವನೇ. ಚೀಟಿ ಕೇಳಲಿಲ್ಲ, ತಾನೂ ನೋಡಲಿಲ್ಲ.

ಓಡಿದ. ಹಸಿ ಹನಿ ಗಾಜಿಗಿಟ್ಟ. ಒಂದು ಗಾಜು ನೋಡಿದ, ಎರಡು ನೋಡಿದ, ಏಳು ನೋಡಿದ. ಕಿಟಕಿಯ ಬಿಸಿಲು ಇಳಿಯುತ್ತಿತ್ತು. ಎಂಟನೆಯದರಲ್ಲಿ ದಾರದ ಎಳೆಯಂಥದ್ದೊಂದು ಮೈ ಮುರಿಯಿತು. ಎಂಟನೆಯದಲ್ಲ, ನೂರನೆಯದು ಅನ್ನುವವರೂ ಇದ್ದಾರೆ.

ವಾರ್ಡಿನಲ್ಲಿ ಸ್ಟೀರಾಯ್ಡಿನ ಸೂಜಿ ಸಿದ್ಧವಾಗಿತ್ತು. ಕಫದಲ್ಲಿ ಹುಳ ಕಂಡೆ ಅಂದ ಯಂಕೋಬಣ್ಣ. "ಕಫ ನೋಡಿ ನೋಡಿ ನಿಮ್ಮ ಕಣ್ಣಾಗ ಹುಳ ಬಿದ್ದಾವ, ಯಂಕೋಬಣ್ಣ," ಅಂದರು ಡಾಕ್ಟರು.

"ಬಿದ್ದಿರಲಿ ಸಾಹೇಬ್ರ. ಸೂಜಿ ಕೆಳಗಿಟ್ಟು ಒಂದ್ ಸಲ ಬಂದು ನೋಡ್ರಿ. ಎರಡು ಸಲ ಹುಳಾನ ಒಣಗಿಸಿ ಕೊಂದವ ನಾನ. ತಪ್ಪು ನಂದು."

ನೋಡಿದರು. ಡಾಕ್ಟರಿಗೂ ಹುಳ ಕಂಡಿತಂತೆ. ಅಂಗಾಲಿನಿಂದ ಹೊಕ್ಕು ವರ್ಷಗಟ್ಟಲೆ ಕರುಳಲ್ಲಿ ಸುಮ್ಮನಿದ್ದ ಹುಳ, ಕಸಿಗಾಗಿ ಮೈಯ ಕಾವಲು ಇಳಿಸಿದ್ದೇ ಶ್ವಾಸಕೋಶಕ್ಕೆ ಮುತ್ತಿತ್ತು. ಸ್ಟೀರಾಯ್ಡ್ ಅದಕ್ಕೆ ಬಾಗಿಲು ತೆರೆದಿತ್ತು. ಸೂಜಿ ಹಿಂದಕ್ಕೆ ಹೋಯಿತು, ಹುಳದ ಮಾತ್ರೆ ಬಂತು. ಹನ್ನೊಂದು ದಿನ ತಿಪ್ಪವ್ವ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹನ್ನೆರಡನೆಯ ದಿನ ಗಂಜಿ ಕೇಳಿದಳಂತೆ.

ಯಂಕೋಬಣ್ಣ ತನ್ನ ಹಳೆಯ ಎರಡು ವರದಿ ಹರಿಯಲಿಲ್ಲ. "ಏನೂ ಇಲ್ಲ" ಹೊಡೆದುಹಾಕಿ, "ನಾನು ನೋಡಲಿಲ್ಲ" ಅಂತ ಬರೆದು ಸಹಿ ಹಾಕಿದ.

ಈಗಲೂ ಆ ಆಸ್ಪತ್ರೆಯಲ್ಲಿ ಕಸಿಗೆ ಬಂದವರನ್ನು, ಬರಿಗಾಲಲ್ಲಿ ಕೆಸರು ತುಳಿದಿದ್ದೀರಾ ಅಂತಲೇ ಮೊದಲು ಕೇಳುತ್ತಾರೆ. ವರದಿಯಲ್ಲಿ ಯಾರೂ "ಏನೂ ಇಲ್ಲ" ಅಂತ ಬರೆಯುವುದಿಲ್ಲ. "ನೋಡಿದಷ್ಟರಲ್ಲಿ ಕಾಣಲಿಲ್ಲ" ಅಂತ ಬರೆಯುತ್ತಾರೆ.