ಮೂಲೆಮನೆಯ ಬಾಂಬು

ಕಂಪ್ಯೂಟರಿನ ಜೊತೆಗೇ ಬರುತ್ತಲ್ಲ, ಬಾಂಬಿಲ್ಲದ ಮನೆಗಳನ್ನಷ್ಟೇ ತೆರೆಯೋ ಆಟ, ಅದರ ಮೂಲೆಮನೆಯಲ್ಲಿ ಒಂದು ಬಾಂಬು ಅಡಗಿ ಕೂತಿತ್ತು. ಪಕ್ಕದ ಮನೆ ತೆರೆದಾಗ ಅಲ್ಲಿದ್ದ ಅಂಕಿ, "ನನ್ನ ಪಕ್ಕ ಬಾಂಬಿದೆ" ಅಂದುಬಿಟ್ಟಿತು. ಆಡುತ್ತಿದ್ದ ಸುಭದ್ರವ್ವ, ಇದನ್ನು ತೆರೆಯಬಾರದು ಅಂತ ಮೂಲೆಮನೆಗೆ ಕೆಂಪು ಬಾವುಟ ನೆಟ್ಟಳು.

ಬಾಂಬಿಗೆ ಅಂಕಿಯ ಮೇಲೆ ಸಿಟ್ಟು ಬಂತು. "ಚಾಡಿ ಹೇಳಿದೆಯಲ್ಲ ಅಕ್ಕಾ. ಇನ್ನು ನನ್ನ ಬಾಗಿಲು ಯಾರು ತಟ್ಟುತ್ತಾರೆ?"

"ತಟ್ಟಿದ್ದರೆ ಏನು ಮಾಡುತ್ತಿದ್ದೆ ತಮ್ಮಾ?"

"ಸಿಡಿಯುತ್ತಿದ್ದೆ. ನಾನು ಹುಟ್ಟಿರೋದೇ ಹಾಗೆ."

"ಆಮೇಲೆ?"

ಬಾಂಬು ಹೇಳಿತು, "ಆಮೇಲೆ ಎಲ್ಲರ ಮನೆಯೂ ಹೋಗುತ್ತಿತ್ತು. ನನ್ನದೂ."

"ಅದಕ್ಕೇ ಹೇಳಿದೆ. ನಿನ್ನ ಮೇಲಿನ ಹಗೆಯಿಂದಲ್ಲ."

ಉಳಿದ ಮನೆಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಯಾವಾಗಲೂ ಆಟದ ನಡುವೆಯೇ ಸಿಡಿದು ಹೋಗುತ್ತಿದ್ದ ಬಾಂಬು, ಅವತ್ತು ಎಲ್ಲರ ಜೊತೆ ಕೂತು ಆಟ ಮುಗಿಯೋದನ್ನು ನೋಡಿತು.