ಕಂಚುಗಾರ ಬೇಡವೆಂದ ಸಂಬಳ

"ಗುರುಗಳೇ, ಎದುರಿಗಿರುವವನು ತಾನಾಗಿಯೇ ತಪ್ಪು ತಿಳಿದುಕೊಂಡರೆ, ಗೊತ್ತಿದ್ದೂ ಸುಮ್ಮನಿರುವುದು ಪಾಪವೇ? ಸುಳ್ಳಂತೂ ಹೇಳಿಲ್ಲವಲ್ಲ" ಎಂದು ಶಿಷ್ಯನೊಬ್ಬ ಕೇಳಿದ. ಅವನು ವ್ಯಾಪಾರಸ್ಥರ ಮನೆಯವನು. ಗುರುಗಳು ಅವನ ಮುಖ ನೋಡಿ, "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಕಂಚುಗಾರನಿದ್ದ. ಧಣಿಯೊಬ್ಬನ ಕುಲುಮೆಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ. ಅವನು ಎರಕ ಹೊಯ್ದ ಗಂಟೆಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರು. ಆದರೆ ಮನೆಯಲ್ಲಿ ಹೆಂಡತಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಗುಣಪಡಿಸುತ್ತೇನೆ ಎಂದು ಪೇಟೆಯ ವೈದ್ಯ ಹೇಳಿದ್ದ, ತಡಮಾಡಿದರೆ ಆಗದು ಎಂದೂ ಹೇಳಿದ್ದ. ಅವನು ಕೇಳಿದಷ್ಟು ಹಣ ಮಾತ್ರ ಕಂಚುಗಾರನ ಕೈಯಲ್ಲಿ ಕೂಡಿಬರುತ್ತಿರಲಿಲ್ಲ.

ಆ ನಾಡಿನಲ್ಲಿ ಅರಸನ ತೆರಿಗೆ ಸಾಲದೆಂದು ಸೀಮೆಯ ತೆರಿಗೆ ಬೇರೆ ಇತ್ತು. ಅದಕ್ಕೆ ಮೆಟ್ಟಿಲುಗಳಿದ್ದವು. ಮೊದಲ ಮೆಟ್ಟಿಲಿನವರೆಗಿನ ಗಳಿಕೆಗೆ ನೂರಕ್ಕೆ ಐದು. ಅದನ್ನು ದಾಟಿ ಬಂದದ್ದಕ್ಕೆ ಮಾತ್ರ ನೂರಕ್ಕೆ ಹತ್ತು. ಮನೆಯಲ್ಲಿ ರೋಗಿಯನ್ನು ಸಾಕುವವನಿಗೆ ಕಟ್ಟಬೇಕಾದ ತೆರಿಗೆಯಲ್ಲೇ ಒಂದಿಷ್ಟು ಮಾಫಿಯೂ ಇತ್ತು. ಆದರೆ ಬಾಯಿಬಿಟ್ಟು ಕೇಳಬೇಕು. ಅಳದ ಕೂಸಿಗೆ ತಾಯಿಯೂ ಹಾಲು ಕೊಡುವುದಿಲ್ಲ, ಇನ್ನು ಸುಂಕದ ಕಟ್ಟೆಯವರು ಕೊಟ್ಟಾರೆಯೇ?

ಆಯುಧಪೂಜೆಯ ದಿನ ಧಣಿ ಎಲ್ಲರೆದುರು ಕಂಚುಗಾರನನ್ನು ಕರೆದು, "ನಿನ್ನ ಸಂಬಳ ಹೆಚ್ಚಿಸುತ್ತೇನೆ" ಎಂದ.

ಕಂಚುಗಾರ ಕೈಮುಗಿದ. "ಬೇಡ ಧಣಿ. ಈಗ ಮೆಟ್ಟಿಲಿನ ಅಂಚಿನಲ್ಲಿದ್ದೇನೆ. ದಾಟಿದರೆ ಇಡೀ ಸಂಬಳಕ್ಕೇ ನೂರಕ್ಕೆ ಹತ್ತು ಬೀಳುತ್ತದೆ. ಮನೆಗೆ ಒಯ್ಯುವುದು ಈಗಿನದಕ್ಕಿಂತ ಕಡಿಮೆಯಾಗುತ್ತದೆ."

ಅವನೇನೂ ಪೆದ್ದನಲ್ಲ. ಕಸುಬು ಅವನಿಗೆ ಕಲಿಸಿದ್ದೇ ಹಾಗೆ. ತಾಮ್ರಕ್ಕೆ ತವರ ಹದ ಮೀರಿ ಬಿದ್ದರೆ ಆ ಹೆಚ್ಚಿನ ತವರವೊಂದೇ ಕೆಡುವುದಿಲ್ಲ; ಮೂಸೆಯಲ್ಲಿರುವುದೆಲ್ಲ ಕೆಟ್ಟು ಗಂಟೆ ಬಿರಿಯುತ್ತದೆ. ದುಡ್ಡೂ ಹಾಗೆಯೇ ಎಂದುಕೊಂಡ.

ಧಣಿಗೆ ನಿಜ ಗೊತ್ತಿತ್ತು. ಅವನು ಆ ಮೆಟ್ಟಿಲುಗಳನ್ನೆಲ್ಲ ಹತ್ತಿ ಕೂತವನು. ಹೇಳೋಣವೆಂದು ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಉಳಿಯುವ ಹಣ ನೆನಪಾಯಿತು. "ನಿನ್ನಿಷ್ಟ" ಎಂದ.

ನೆರೆದವರು ಧಣಿಯನ್ನು ಹೊಗಳಿದರು. ಆ ಹೊಗಳಿಕೆ ಅವನಿಗೆ ರುಚಿಸಿತು. ಮುಂದಿನ ಆಯುಧಪೂಜೆಗೂ ಎಲ್ಲರೆದುರು ಅದನ್ನೇ ಹೇಳಿದ, ಅದರ ಮುಂದಿನದಕ್ಕೂ ಹೇಳಿದ. ಕಂಚುಗಾರ ಪ್ರತಿ ಸಲವೂ ಬೇಡವೆಂದ. ಕೊಡಲು ಹೋದರೆ ಅವನೇ ಒಲ್ಲೆ ಅನ್ನುತ್ತಾನೆ, ನಾನೇನು ಮಾಡಲಿ ಎಂದು ಧಣಿ ಊರೆಲ್ಲ ಹೇಳಿಕೊಂಡು ತಿರುಗಿದ. ಕಾಸು ಬಿಚ್ಚದೆ ಧರ್ಮಿಷ್ಠನೆನಿಸಿಕೊಂಡ. ಇಂಥ ವ್ಯಾಪಾರ ಯಾರಿಗೆ ಬೇಡ, ಹೇಳು?

ಹೆಂಡತಿಯ ಕಣ್ಣು ಪೂರ್ತಿ ಹೋಯಿತು. ಇನ್ನು ತನ್ನ ಕೈಲಾಗದು ಎಂದು ವೈದ್ಯನೂ ಹೇಳಿಬಿಟ್ಟ. ಆ ವರ್ಷ ಕಂಚುಗಾರ ಅವಳ ಕೈಹಿಡಿದುಕೊಂಡೇ ತೆರಿಗೆ ಕಟ್ಟಲು ಹೋದ. ಅವಳನ್ನು ನೋಡಿ ಸುಂಕದವನು ಮಾಫಿಯ ಮಾತೆತ್ತಿದ, ಮೆಟ್ಟಿಲಿನ ಲೆಕ್ಕವನ್ನೂ ಬಿಡಿಸಿ ಹೇಳಿದ. ಧಣಿ ಹೆಚ್ಚಿಸುತ್ತೇನೆಂದಷ್ಟರಲ್ಲಿ ಮಾತ್ರ ಹತ್ತರಲ್ಲೊಂದು ಪಾಲು ಸೀಮೆಗೆ ಹೋಗಿ ಉಳಿದದ್ದೆಲ್ಲ ಮನೆಗೇ ಬರುತ್ತಿತ್ತು. ವೈದ್ಯನ ಹಣ ಯಾವತ್ತೋ ಕೂಡುತ್ತಿತ್ತು. ಅವಳ ಕಣ್ಣು ಉಳಿಯುತ್ತಿತ್ತು.

ಕಂಚುಗಾರ ನೆಟ್ಟಗೆ ಧಣಿಯ ಮನೆಗೆ ಹೋದ. "ಧಣಿ, ನಿಮಗೆ ಇದು ಗೊತ್ತಿತ್ತೇ?"

"ಗೊತ್ತಿತ್ತು. ನೀನು ಕೇಳಲಿಲ್ಲವಲ್ಲ."

ಕಂಚುಗಾರನ ಮೈಯೆಲ್ಲ ಉರಿದುಹೋಯಿತು. ಉರಿದು ಏನು ಮಾಡಿಯಾನು? ಊರಿಗೆ ಇದ್ದದ್ದು ಅದೊಂದೇ ಕುಲುಮೆ. ಮರುದಿನ ಬೆಳಗ್ಗೆ ಹೆಂಡತಿಗೆ ಗಂಜಿ ಕುಡಿಸಿ, ಮತ್ತೆ ಅಲ್ಲಿಗೇ ಕೆಲಸಕ್ಕೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಆ ಧಣಿಗೆ ಕೊನೆಗೆ ಏನಾಯಿತು?" ಎಂದ.

ಗುರುಗಳು ಹೇಳಿದರು: "ಏನೂ ಆಗಲಿಲ್ಲ, ಸುಳ್ಳು ಹೇಳಿದ್ದರೆ ಎಂದಾದರೊಂದು ದಿನ ಪಶ್ಚಾತ್ತಾಪವಾದರೂ ಆಗುತ್ತಿತ್ತು."